ಪಂಖಾ, ಪಟ್ಟಿ ಮತ್ತು ನೀಲವ್ವನ ರೊಟ್ಟಿ

ನಾನು ಬಾಗಲಕೋಟೆಯಲ್ಲಿ ದೋಣಿ ಮಿಸ್ತ್ರಿಯಾಗಿದ್ದೆ ಎಂದರೆ ಜನ ಮೊದಲು ನಗುತ್ತಾರೆ, ಆಮೇಲೆ ನನ್ನ ಆರೋಗ್ಯ ವಿಚಾರಿಸುತ್ತಾರೆ. ಕಾರವಾರದ ಕಡೆ ಇರಬೇಕಾದ ಉದ್ಯೋಗ ಈ ಜೋಳದ ನಾಡಿಗೆ ಹೇಗೆ ಬಂತು ಎಂಬ ಸಂಶಯ ಅವರದು. ಅವರ ತಪ್ಪೂ ಅಲ್ಲ. ನಾನು ಕಮತಗಿಯಲ್ಲಿ ಪಂಪ್‌ಸೆಟ್ ರಿಪೇರಿ ಕಲಿಯುತ್ತಿದ್ದ ಕಾಲಕ್ಕೆ ನಮ್ಮ ಕಡೆ ದೋಣಿ ಅಂದರೆ ಮಕ್ಕಳು ಕಾಗದದಲ್ಲಿ ಮಾಡುವುದು. ಆಮೇಲೆ ಆಣೆಕಟ್ಟಿನ ಹಿನ್ನೀರು ಏರಿತು. ಹೊಲ, ಓಣಿ, ಅಗಸಿ, ಕಟ್ಟೆ ಎಲ್ಲ ನೀರೊಳಗೆ ಹೋದವು. ಈಚೆ ದಂಡೆಗೂ ಆಚೆ ದಂಡೆಗೂ ನಡುವೆ ಸಮುದ್ರದಂಥದ್ದೊಂದು ಬಂದು ಕುಳಿತಿತು, ಅದನ್ನು ದಾಟಿಸಲು ಇಲಾಖೆಯ ದೋಣಿ ಬಂತು, ದೋಣಿಯ ಹಿಂದೆ ನಾನು ಬಂದೆ.

ಈಗ ಇದನ್ನು ಬರೆಯಲು ಕೂತದ್ದಕ್ಕೆ ಒಂದು ಫೋನ್ ಕಾರಣ. ನಮ್ಮ ಶೆಡ್ಡಿಗೆ ಹೊಸದಾಗಿ ಸೇರಿದ ಮೆಕ್ಯಾನಿಕ್ ಒಬ್ಬರು ಕೇಳಿದರು: "ಚಾಚಾ, ಹಳೇ ದೋಣಿಗೆ ಯಾವ ಪಂಖಾ ಹಾಕ್ಲಿರಿ? ಇಂಜಿನ್ ಎಷ್ಟ ಎತ್ತರಕ್ಕ ಕೂಡಸ್ಲಿರಿ?" ಎರಡು ನಿಮಿಷದಲ್ಲಿ ಹೇಳಬಹುದಾದ ಉತ್ತರ. ಆದರೆ ನಿವೃತ್ತನಾದವನಿಗೆ ಎರಡು ನಿಮಿಷ ಸಾಕಾಗುತ್ತದೆಯೇ? "ಬರದ ಕೊಡ್ತೇನಿ ತಡೀಪಾ" ಅಂದೆ. ಬರೆಯುತ್ತಿದ್ದೇನೆ.

ಬಡ್ತಿಯ ವಿಷಯ ಬರೆಯುವುದಿಲ್ಲ. ಎರಡು ಸಲ ಬಂತು. ಎರಡೂ ಸಲ ಕೆಲಸ ಅದೇ ಇತ್ತು, ಕುರ್ಚಿ ಬೇರೆ ಬಂತು. ಎರಡನೆಯ ಕುರ್ಚಿಗೆ ಒಂದು ಕಾಲು ಗಿಡ್ಡವಾಗಿತ್ತು.

ಮೊದಲ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಇಲಾಖೆಗೆ ಮೊದಲ ಇಂಜಿನ್ ಬಂದ ದಿನ ಅದನ್ನು ಶೆಡ್ಡಿನಲ್ಲಿ ಕಟ್ಟಿಗೆಯ ಕುದುರೆಗೆ, ಅಂದರೆ ನಾಲ್ಕು ಕಾಲಿನ ಸ್ಟ್ಯಾಂಡಿಗೆ, ಬಿಗಿದು, ಹೂವು ಹಾಕಿ, ಊದಿನಕಡ್ಡಿ ಹಚ್ಚಿ, ಕಾಯಿ ಒಡೆದು, ಎಲ್ಲರ ಮುಂದೆ ಹಗ್ಗ ಎಳೆದು ಚಾಲೂ ಮಾಡಿದೆ. ಒಂದೇ ಏಟಿಗೆ ಹತ್ತಿತು. ನನ್ನ ಎದೆ ಉಬ್ಬಿತು. ದೋಣಿಯ ಹಿಂದೆ ಕಟ್ಟುವ ಇಂಜಿನ್ನು ತಾನು ನಿಂತ ನೀರನ್ನೇ ಹೀರಿಕೊಂಡು ತಂಪಾಗುತ್ತದೆ, ಒಣ ನೆಲದ ಮೇಲೆ ಓಡಿಸಿದರೆ ಒಳಗಿನ ರಬ್ಬರು ಸುಟ್ಟುಹೋಗುತ್ತದೆ ಎಂಬುದು ಪಂಪ್‌ಸೆಟ್ಟಿನ ಮಿಸ್ತ್ರಿಗೆ ಹೇಗೆ ಗೊತ್ತಿರಬೇಕು? ಸ್ವಲ್ಪ ಹೊತ್ತಿಗೆ ಹೊಗೆ ಬಂತು. ಪೂಜೆಯ ಹೊಗೆ ಎಂದುಕೊಂಡು ಎಲ್ಲರೂ ಕೈಮುಗಿದು ನಿಂತೇ ಇದ್ದರು. ನಾನೂ ಮುಗಿದಿದ್ದೆ. ವಾಸನೆ ಬಂದ ಮೇಲೆ ನನ್ನ ಕೈ ತಾನಾಗಿಯೇ ಕೆಳಗಿಳಿಯಿತು. ಅಂದಿನಿಂದ ನಾನು ಇಂಜಿನ್ನಿನ ಕಾಲನ್ನು ನೀರು ತುಂಬಿದ ಬ್ಯಾರಲ್ಲಿನಲ್ಲಿ ಇಳಿಸದೆ ಹಗ್ಗ ಮುಟ್ಟಿದವನಲ್ಲ. ನೀವೂ ಮುಟ್ಟಬೇಡಿ.

ನಮ್ಮ ದೋಣಿ ನಡೆಸುವವನು ಸಂಗಪ್ಪ. ಆಚೆ ದಂಡೆಯವನು, ನನಗಿಂತ ಒಂದು ವರ್ಷ ಹಿರಿಯ, ಹತ್ತು ವರ್ಷ ಹಿರಿಯನ ಹಾಗೆ ಮಾತಾಡುವವನು. ಶಿವಯೋಗ ಮಂದಿರದಿಂದ ವಿಭೂತಿ ತಂದು ಸೋಮವಾರಕ್ಕೊಮ್ಮೆ ತನ್ನ ಹಣೆಗೂ ಇಂಜಿನ್ನಿನ ಟೊಪ್ಪಿಗೆಗೂ ಮೂರು ಗೆರೆ ಎಳೆಯುತ್ತಿದ್ದ. ಅವನಿಗೆ ನಕಾಶೆ ಬೇಕಿರಲಿಲ್ಲ. ನೀರಿನ ಕೆಳಗೆ ಅವನದೇ ಹಳೆಯ ಊರು ಇತ್ತು. ಮೇಲೆ ಸಪಾಟು ನೀರು, ಆದರೆ ಅವನು ಓಣಿ ಹಿಡಿದೇ ದೋಣಿ ಹೊಡೆಯುತ್ತಿದ್ದ.

"ಲೇ ಇಮಾಮ್ಯಾ, ಗೌಡ್ರ ಮಾಳಿಗಿ ಬಂತು, ಇಂಜಿನ್ ಎತ್ತಲೇ!" ಎಂದು ಕೂಗುತ್ತಿದ್ದ. ಬೇಸಿಗೆಯಲ್ಲಿ ನೀರು ಇಳಿದಾಗ ಗೌಡರ ಮನೆಯ ಮಾಳಿಗೆ ನಿಜವಾಗಿಯೂ ಪಂಖಾಕ್ಕೆ ತಾಗುವಷ್ಟು ಹತ್ತಿರ ಇರುತ್ತಿತ್ತು. ಆದರೆ ನೀರು ತುಂಬಿದ ದಿನಗಳಲ್ಲೂ ಅವನು ಅದನ್ನು ಸುತ್ತಿಕೊಂಡೇ ಹೋಗುತ್ತಿದ್ದ.

"ಈಗ ಮ್ಯಾಲಿಂದ ಹಾಯ್ದರ ಏನಾಗತೈತಿ?" ಎಂದು ಕೇಳಿದೆ ಒಮ್ಮೆ.

"ಗೌಡ್ರ ಮನಿ ಮ್ಯಾಲಿಂದ ಹಾಯ್ತಾರೇನಲೇ? ಮಂದಿ ಏನಂತಾರ?"

ಗೌಡರು ನವನಗರದಲ್ಲಿ ಎರಡಂತಸ್ತಿನ ಮನೆ ಕಟ್ಟಿಸಿಕೊಂಡು ಆರಾಮಾಗಿದ್ದರು. ಕೆಳಗೆ ಮೀನು ಇದ್ದವು. ಆದರೂ ದಿನಕ್ಕೆ ನಾಲ್ಕು ಸಲ ನಮ್ಮ ದೋಣಿ ಗೌಡರ ಮಾಳಿಗೆಗೆ ಮರ್ಯಾದೆ ಕೊಟ್ಟು ಬಲಕ್ಕೆ ತಿರುಗಿ ಮುಂದೆ ಹೋಗುತ್ತಿತ್ತು.

ಈ ದೋಣಿಯ ಮೇಲೆ ಬದುಕು ನಿಂತಿದ್ದದ್ದು ನೀಲವ್ವನದು. ಆಚೆ ದಂಡೆಯ ಊರಿನಲ್ಲಿ ಅವಳೂ ಇನ್ನು ನಾಲ್ವರು ಹೆಣ್ಣುಮಕ್ಕಳೂ ಸೇರಿ ನಸುಕಿನಲ್ಲಿ ಎದ್ದು ಜೋಳದ ಕಟಿ ರೊಟ್ಟಿ ಬಡಿಯುತ್ತಿದ್ದರು. ಒಲೆಯ ಪಕ್ಕಕ್ಕೆ ನಿಲ್ಲಿಸಿ ಒಣಗಿಸಿದ, ಮುಟ್ಟಿದರೆ ಸದ್ದು ಮಾಡುವ ರೊಟ್ಟಿ. ಬುಟ್ಟಿ ತುಂಬಿ, ಬಿಳಿ ಅರಿವೆ ಮುಚ್ಚಿ, ನಮ್ಮ ಮೊದಲ ದೋಣಿಗೆ ಬಾಗಲಕೋಟೆಗೆ ತಂದು ಖಾನಾವಳಿಗಳಿಗೆ ಹಾಕುತ್ತಿದ್ದರು. ರಸ್ತೆಯಿಂದ ಬರಬೇಕೆಂದರೆ ಎರಡು ಬಸ್ಸು ಬದಲಿಸಬೇಕು. ಅವು ಬರುವ ಹೊತ್ತಿಗೆ ಗಿರಾಕಿಗಳು ಉಂಡು ಕೈತೊಳೆದು, ಖಾನಾವಳಿಯವನೂ ಬೆಂಚಿನ ಮೇಲೆ ಅಡ್ಡಾಗಿರುತ್ತಿದ್ದ. ಅಂದರೆ ದೋಣಿ ನಿಂತರೆ ಐದು ಒಲೆ ಆರುತ್ತಿದ್ದವು. ಕಟಿ ರೊಟ್ಟಿಗೆ ಇಬ್ಬರು ವೈರಿಗಳು: ಒಂದು ನೀರು, ಇನ್ನೊಂದು ನಡುಕ. ನಮ್ಮ ಹಳೆಯ ದೋಣಿಯಲ್ಲಿ ಇವೆರಡಕ್ಕೂ ಬರ ಇರಲಿಲ್ಲ.

ಒಂದು ವರ್ಷ ಮಳೆಗಾಲ ಮುಗಿಯುತ್ತಿದ್ದ ಹಾಗೆ ಮೇಲಿನಿಂದ ಕಾಗದ ಬಂತು. ದೋಣಿ ಹಳೆಯದಾಗಿದೆ, ಹೊಗೆ ಬಹಳ, ವೇಗ ಕಡಿಮೆ, ದೂರುಗಳಿವೆ. ಮುಂದಿನ ತಪಾಸಣೆಯಲ್ಲಿ ಪೂರ್ತಿ ಮಂದಿ ಹೊತ್ತು ಸುರಕ್ಷಿತವಾಗಿ ಆಚೆ ದಂಡೆ ಮುಟ್ಟದಿದ್ದರೆ ದೋಣಿಯನ್ನು ಗುಜರಿಗೆ ಹಾಕಿ ಈ ದಾಟು ಬಂದ್ ಮಾಡಲಾಗುವುದು. ಹೊಸ ದೋಣಿಯ ಮಾತು ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ. ಹಿಂಬದಿಗೂ ತಿರುಗಿಸಿ ನೋಡಿದೆ.

ಆಗ ನಮಗೆ ಸಾಹೇಬರಾಗಿದ್ದವರು ಶ್ರೀನಿವಾಸಯ್ಯನವರು, ಮೈಸೂರಿನ ಕಡೆಯವರು. ನಮ್ಮ ಜೊತೆಗೂ ಭಾಷಣದ ಕನ್ನಡದಲ್ಲೇ ಮಾತಾಡುತ್ತಿದ್ದರು. ಒಳ್ಳೆಯ ಮನುಷ್ಯರು, ಒಂದೇ ದೋಷ ಅಂದರೆ ಪುಸ್ತಕ ಓದಿದ್ದರು. ದೊಡ್ಡ ದೋಷ ಅಂದರೆ ಅರ್ಧ ಓದಿದ್ದರು. ಕಾಗದ ಬಂದ ಮರುವಾರವೇ ಮೂರು ಪಂಖಾ ತರಿಸಿದರು. ಇನ್ನು ಪಾಠ ಶುರುವಾಗುತ್ತದೆ, ಗಮನ ಇಡಿ.

ಪಂಖಾ ಅಂದರೆ ನೀರೊಳಗಿನ ಫ್ಯಾನು. ಅದರ ರೆಕ್ಕೆಯ ಓರೆ ಹೆಚ್ಚಿದ್ದರೆ ಒಂದು ಸುತ್ತಿಗೆ ದೋಣಿ ಬಹಳ ಮುಂದೆ ಹೋಗಬೇಕು, ಓರೆ ಕಡಿಮೆ ಇದ್ದರೆ ಸ್ವಲ್ಪ ಹೋಗಬೇಕು. ಸೈಕಲ್ಲಿನ ಗೇರಿನ ಹಾಗೆಯೇ. ಹೆಚ್ಚು ಓರೆ ಹಗುರ ದೋಣಿಗೆ ಚೆಂದ. ಭಾರದ ಹಳೆಯ ದೋಣಿಗೆ ಅದನ್ನು ಹಾಕಿದರೆ ಇಂಜಿನ್ನಿಗೆ ತನ್ನ ಪೂರ್ತಿ ಸುತ್ತು ತಿರುಗಲು ಆಗುವುದೇ ಇಲ್ಲ, ಉಸಿರು ಕಟ್ಟಿ ಕೆಮ್ಮುತ್ತದೆ. ಬಹಳ ಕಡಿಮೆ ಓರೆಯದನ್ನು ಹಾಕಿದರೆ ಇಂಜಿನ್ನು ಅತಿಯಾಗಿ ತಿರುಗಿ ಚೀರುತ್ತದೆ, ದೋಣಿ ಮಾತ್ರ ಅಲ್ಲೇ ಇರುತ್ತದೆ. ತುಂಬಿದ ದೋಣಿಯಲ್ಲಿ, ಪೂರ್ತಿ ರೇಸ್ ಕೊಟ್ಟಾಗ, ಇಂಜಿನ್ನಿನವರು ಹೇಳಿದಷ್ಟು ಸುತ್ತು ತಿರುಗುವಂತೆ ಬಿಡುವ ಪಂಖಾವೇ ಸರಿಯಾದ ಪಂಖಾ. ಇಷ್ಟೇ.

ಸಾಹೇಬರು ಎಲ್ಲಕ್ಕಿಂತ ಓರೆಯದನ್ನು ಎತ್ತಿಕೊಂಡರು. "ಮೇಸ್ತ್ರಿಗಳೇ, ಇದರಲ್ಲಿ ವೇಗ ಜಾಸ್ತಿ ಅಂತ ಪುಸ್ತಕದಲ್ಲಿದೆ. ಇದನ್ನೇ ಹಾಕಿ."

ಹಾಕಿದೆ. ದೋಣಿ ಇಟ್ಟಿಗೆ ಭಟ್ಟಿಯಾಯಿತು. ಅಷ್ಟು ಹೊಗೆ. ಇಂಜಿನ್ನು ಗುರುಗುಟ್ಟುತ್ತ, ಮುಲುಗುತ್ತ ಆಚೆ ದಂಡೆಯಿಂದ ಬಂತು. ಮೂರನೆಯ ದಿನ ನೀಲವ್ವ ಬುಟ್ಟಿ ಇಳಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏ ಮಿಸ್ತ್ರಿ, ಖಾನಾವಳಿಯವಾ ಏನಂದ ಗೊತ್ತೇನು? 'ನೀಲವ್ವಾ, ರೊಟ್ಟಿ ಬಡ್ಯಾಕ ನೀರ ಹಾಕ್ತೀ ಏನ್ ಪೆಟ್ರೋಲ್ ಹಾಕ್ತೀ' ಅಂದ!"

"ಅಕ್ಕಾ, ಸಾಹೇಬ್ರು ಹೇಳಿದ ಪಂಖಾರಿ ಅದು."

"ಹಂಗಾರ ಸಾಹೇಬ್ರಿಗೆ ಹೇಳು, ನಾಳಿಂದ ಅವ್ರ ಉಣ್ಣಲಿ."

ಬದಲಿಸಿ ಕಡಿಮೆ ಓರೆಯದನ್ನು ಹಾಕಿದೆ. ಈಗ ಹೊಗೆ ಇಲ್ಲ, ಸದ್ದು ಮಾತ್ರ. ದಂಡೆಯ ಮೇಲೆ ಮೇಯುತ್ತಿದ್ದ ಎಮ್ಮೆಗಳು ಬಾಲ ಎತ್ತಿ ಓಡಿದವು. ಒಂದು ಸಣ್ಣ ತೆಪ್ಪದಲ್ಲಿ ಹುಟ್ಟು ಹಾಕುತ್ತಿದ್ದ ಮೀನುಗಾರನೊಬ್ಬ ಬೀಡಿ ಸೇದುತ್ತ ನಮ್ಮನ್ನು ದಾಟಿ ಹೋದ. ಹೋಗುವಾಗ ಸಂಗಪ್ಪನಿಗೆ ಕೈಯನ್ನೂ ಬೀಸಿದ. ಸಂಗಪ್ಪ ಆ ಅವಮಾನವನ್ನು ಇವತ್ತಿಗೂ ಮರೆತಿಲ್ಲ.

ಉಳಿದದ್ದು ನಡುವಿನದು. ಅದೇ ಸರಿಯಾದದ್ದು ಎಂದು ನನಗೆ ಮೊದಲೇ ಅನ್ನಿಸಿತ್ತು, ಆದರೆ ದಾರಿಯಲ್ಲಿ ಬರುವಾಗ ಅದರ ಒಂದು ರೆಕ್ಕೆಯ ತುದಿ ಮುರಿದಿತ್ತು. ಮುರಿದ ಪಂಖಾ ಹಾಕಿದರೆ ದೋಣಿಯೆಲ್ಲ ನಡುಗುತ್ತದೆ, ರೊಟ್ಟಿ ಪುಡಿಯಾಗುತ್ತದೆ. ಅಲ್ಯೂಮಿನಿಯಂ ಬೆಸುಗೆ ಚೆನ್ನಾಗಿ ಹಾಕುವವನು ಇಲಕಲ್ಲಿನಲ್ಲಿ ಒಂದು ಭಾಂಡೆ ಅಂಗಡಿಯ, ಅಂದರೆ ಪಾತ್ರೆ ಅಂಗಡಿಯ, ಹಿಂದೆ ಇದ್ದಾನೆಂದು ಕೇಳಿ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ.

ಅವನು ಅದನ್ನು ಕೈಯಲ್ಲಿ ಹಿಡಿದು ಮೂರು ಸಲ ತಿರುಗಿಸಿ ನೋಡಿದ. "ಇದು ಯಾ ಗಿರಣಿದರಿ?"

"ದೋಣಿದು."

"ಹೌದೇನ್ರಿ" ಎಂದ, ನಂಬದವನ ದನಿಯಲ್ಲಿ. ಆದರೆ ಕೆಲಸ ಬಂಗಾರ. ಮುರಿದ ಮೂಲೆಗೆ ಲೋಹ ತುಂಬಿ, ಅರದಿಂದ ತಿಕ್ಕಿ, ಉಳಿದ ಎರಡು ರೆಕ್ಕೆಗಳಿಗೆ ಸಮ ಮಾಡಿದ. ಒಂದು ಸಲಾಕೆಯ ಮೇಲೆ ಪೋಣಿಸಿ ತಿರುಗಿಸಿ, ಯಾವ ರೆಕ್ಕೆಯೂ ತೂಕಕ್ಕೆ ಕೆಳಗೆ ಬರುವುದಿಲ್ಲ ಎಂದು ತೋರಿಸಿದ. ನಾನು ಚಹಾ ಕುಡಿಯಲು ಏಳುತ್ತಿದ್ದಾಗ ನಿಮ್ಮ ಹೆಸರೇನು, ಮನೆಯವರ ಹೆಸರೇನು, ಯಾವ ಊರು ಎಂದು ವಿಚಾರಿಸಿದ. ಒಳ್ಳೆಯ ಮನುಷ್ಯ, ಬಾಯಿ ತುಂಬ ಮಾತಾಡಿಸುತ್ತಾನೆ ಎಂದುಕೊಂಡು ಎಲ್ಲ ಹೇಳಿ ಹೋದೆ.

ಚಹಾ ಕುಡಿದು ಬಂದರೆ ಪಂಖಾ ಫಳಫಳ ಹೊಳೆಯುತ್ತಿತ್ತು. ಒಂದು ರೆಕ್ಕೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಹೊಡೆದ ಅಕ್ಷರಗಳಲ್ಲಿ 'ಶ್ರೀ ಇಮಾಮಸಾಬ ಮಿಸ್ತ್ರಿ'. ಇನ್ನೊಂದರ ಮೇಲೆ 'ಸೌ. ಜೈತುನಬಿ'. ಮೂರನೆಯದರ ಮೇಲೆ 'ಬಾಗಲಕೋಟಿ'.

"ಇದೇನ್ ಮಾಡಿದ್ಯೋ ಮಾರಾಯಾ!"

"ನಮ್ಮಲ್ಲಿಂದ ಹ್ವಾದ ಯಾ ಭಾಂಡೆನೂ ಹೆಸರ ಇಲ್ದ ಹೋಗಿಲ್ರಿ" ಎಂದ ಅವನು ಹೆಮ್ಮೆಯಿಂದ. "ಬರೇ ಒಂದ ರೆಕ್ಕಿಗೆ ಹೊಡದ್ರ ತೂಕ ತಪ್ಪತೈತಿ ಅಂತ ಮೂರಕ್ಕೂ ಹೊಡದೇನಿ."

ಅದನ್ನು ಅಳಿಸಲು ಹೋದರೆ ರೆಕ್ಕೆ ತೆಳ್ಳಗಾಗುತ್ತಿತ್ತು. ಹಾಗೆಯೇ ತಂದು ಹಾಕಿದೆ. ದೋಣಿ ಮೊದಲ ಸಲ ಮನುಷ್ಯರ ದೋಣಿಯ ಹಾಗೆ ಓಡಿತು. ಹೊಗೆ ಇಲ್ಲ, ಚೀರಾಟ ಇಲ್ಲ, ನಡುಕ ಇಲ್ಲ. ಸಾಹೇಬರು ಸಂತೋಷದಿಂದ ಬಗ್ಗಿ ಪಂಖಾ ನೋಡಿದರು. ಮರುದಿನ ನನಗೆ ನೋಟೀಸು ಬಂತು. ಸರ್ಕಾರಿ ಆಸ್ತಿಯ ಮೇಲೆ ನೌಕರನು ತನ್ನ ಹಾಗೂ ತನ್ನ ಧರ್ಮಪತ್ನಿಯ ಹೆಸರು ಕೆತ್ತಿಸಿದ್ದಕ್ಕೆ ಮೂರು ದಿನದಲ್ಲಿ ವಿವರಣೆ ಕೊಡತಕ್ಕದ್ದು.

ನಾನು ಕೊಟ್ಟ ವಿವರಣೆಯ ಪ್ರತಿ ಇಂದಿಗೂ ನನ್ನಲ್ಲಿದೆ. 'ಸದರಿ ಹೆಸರುಗಳು ಯಾವಾಗಲೂ ನೀರಿನೊಳಗೆ ಇರುವುದರಿಂದ ಸಾರ್ವಜನಿಕರಿಗೆ ಕಾಣುವುದಿಲ್ಲ. ಮೇಲಾಗಿ ದೋಣಿ ನಡೆಯುವಾಗ ಸದರಿ ಹೆಸರುಗಳು ಅತಿ ವೇಗವಾಗಿ ತಿರುಗುವುದರಿಂದ ಮೀನುಗಳಿಗೂ ಓದಲು ಬರುವುದಿಲ್ಲ ಎಂದು ವಿನಂತಿ.' ಸಾಹೇಬರು ಅದನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡು ಕಡತ ಮುಚ್ಚಿದರು. ನನ್ನ ಹೆಂಡತಿ ಮಾತ್ರ ಬೀಗರಿಗೆಲ್ಲ ಫೋನ್ ಮಾಡಿ ತಿಳಿಸಿದಳು. ಅವಳ ಹೆಸರು ರೇಷನ್ ಕಾರ್ಡಿನ ಆಚೆ ಎಲ್ಲಿಯಾದರೂ ಬಿದ್ದದ್ದು ಅದೇ ಮೊದಲಂತೆ.

ಪಂಖಾದ ಕಥೆ ಮುಗಿಯಿತು. ಇನ್ನು ಎತ್ತರದ ಕಥೆ. ನನ್ನ ಮಾನ ಹೋದದ್ದು ಇಲ್ಲಿ.

ಇಂಜಿನ್ನು ದೋಣಿಯ ಹಿಂಗೋಡೆಗೆ ನೇತುಹಾಕಿಕೊಂಡಿರುತ್ತದೆ. ಅದರ ಕಾಲಿನಲ್ಲಿ, ಪಂಖಾದ ಮೇಲೆಯೇ, ಒಂದು ಚಪ್ಪಟೆ ತಟ್ಟೆ ಇರುತ್ತದೆ. ದೋಣಿಯ ತಳಕ್ಕೂ ಆ ತಟ್ಟೆಗೂ ಹೆಚ್ಚುಕಡಿಮೆ ಒಂದೇ ಮಟ್ಟ ಇರಬೇಕು, ಎಲ್ಲೋ ಒಂದು ಬೆರಳು ಮೇಲೆ ಕೆಳಗೆ. ಇಂಜಿನ್ನು ಬಹಳ ಕೆಳಗಿದ್ದರೆ ಅದರ ಕಾಲು ನೀರನ್ನು ಸೀಳಿ ಮೇಲಕ್ಕೆ ಸಿಡಿಸುತ್ತದೆ, ದೋಣಿಯ ವೇಗವನ್ನೂ ತಿನ್ನುತ್ತದೆ. ಬಹಳ ಮೇಲಿದ್ದರೆ ಪಂಖಾ ನೀರಿನ ಬದಲು ಗಾಳಿ ನುಂಗುತ್ತದೆ. ತಿರುವಿನಲ್ಲಿ ಇಂಜಿನ್ನು ಒಮ್ಮೆಗೇ ಚೀರಿ, ದೋಣಿ ನಿಂತೇ ಹೋಗುತ್ತದೆ.

ಸಾಹೇಬರು ಪುಸ್ತಕ ಹಿಡಿದು ನಿಂತರು, ನಾನು ದಾರ ಹಿಡಿದು ಅಳೆದೆ, ತಟ್ಟೆಯನ್ನು ತಳಕ್ಕೆ ಸಮ ಮಾಡಿ ಬಿಗಿದೆ. ಹದಿನೈದು ಮಂದಿಯ ತೂಕಕ್ಕೆ ಉಸುಕಿನ ಚೀಲ ಹೇರಿ ಪರೀಕ್ಷೆಗೆ ಹೋದೆವು. ದೋಣಿ ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ ಹೋಯಿತು. ಒಂದು ಹನಿ ಒಳಗೆ ಬರಲಿಲ್ಲ.

ಮರುದಿನ ಬೆಳಗಿನ ದೋಣಿ ಬಂತು. ನೀಲವ್ವ ಬುಟ್ಟಿಯ ಮೇಲಿನ ಅರಿವೆ ತೆಗೆದು ಒಂದು ರೊಟ್ಟಿ ಎತ್ತಿ ನನ್ನ ಮುಖದ ಮುಂದೆ ಹಿಡಿದಳು. ರೊಟ್ಟಿ ಬಾಳೆ ಎಲೆಯ ಹಾಗೆ ಬಾಗಿತು.

"ಇದನ್ನ ಕಟಿ ರೊಟ್ಟಿ ಅಂತಾರೇನು? ಇದನ್ನ ಮಡಚಿ ಕಿಸೇದಾಗ ಇಟ್ಕೊಬಹುದು!"

ಹಿಂದಿನಿಂದ ನೀರು ಸಿಡಿದಿತ್ತು. ಇಂಜಿನ್ನು ಕೆಳಗಾಗಿದೆ ಎಂದು ಅರ್ಥ. ಹಿಂಗೋಡೆಯ ಮೇಲೆ ಅರ್ಧ ಬೆರಳು ದಪ್ಪದ ಸಾಗವಾನಿ ಪಟ್ಟಿಯೊಂದನ್ನು ಇಟ್ಟು ಇಂಜಿನ್ನು ಮೇಲಕ್ಕೇರಿಸಿದೆ. ಉಸುಕಿನ ಚೀಲ ಹಾಕಿ ನೋಡಿದೆ, ಚೆನ್ನಾಗಿತ್ತು. ಮರುದಿನ ಮಂದಿ ಬಂದರು, ರೊಟ್ಟಿ ಬಾಗಿತು. ಇನ್ನೊಂದು ಪಟ್ಟಿ ಹಾಕಿದೆ.

ಆಗ ನಾನು ಕಂಡುಹಿಡಿದದ್ದು ರೊಟ್ಟಿ ಪರೀಕ್ಷೆ. ಇದು ಯಾವ ಪುಸ್ತಕದಲ್ಲೂ ಇಲ್ಲ. ದೋಣಿ ದಂಡೆಗೆ ಹತ್ತಿದ ಕೂಡಲೇ ಮೇಲಿನ ಒಂದು ರೊಟ್ಟಿ ತೆಗೆದು ಕಿವಿಯ ಹತ್ತಿರ ಹಿಡಿದು ಮುರಿಯುವುದು. ಟಕ್ ಎಂದರೆ ಇಂಜಿನ್ನಿನ ಎತ್ತರ ಸರಿ. ಸದ್ದಿಲ್ಲದೆ ಮುರಿದರೆ ಅರ್ಧ ಬೆರಳು ತಪ್ಪು. ಮುರಿಯದೆ ಬಾಗಿದರೆ ಒಂದು ಬೆರಳು ತಪ್ಪು. ಮೊದಲೇ ಪುಡಿಯಾಗಿದ್ದರೆ ತಪ್ಪು ಎತ್ತರದ್ದಲ್ಲ, ಪಂಖಾದ್ದು. ಪ್ರತಿದಿನದ ಫಲಿತಾಂಶವನ್ನು ಒಂದು ವಹಿಯಲ್ಲಿ ಬರೆದಿಟ್ಟೆ. ಸಾಹೇಬರಿಗೂ ಇದು ಶಾಸ್ತ್ರೀಯವೆನ್ನಿಸಿ ಎಡಗಿವಿ ಒಳ್ಳೆಯದೋ ಬಲಗಿವಿಯೋ ಎಂದು ಚರ್ಚೆ ಮಾಡಿದರು. ಪರೀಕ್ಷೆ ಮುಗಿದ ಮೇಲೆ ರೊಟ್ಟಿಯನ್ನು ಶೇಂಗಾ ಚಟ್ನಿಯ ಜೊತೆ ನಾವೇ ವಿಲೇವಾರಿ ಮಾಡುತ್ತಿದ್ದೆವು. ಸಾಹೇಬರು ಆ ಚಳಿಗಾಲದಲ್ಲಿ ಬೆಲ್ಟಿಗೆ ಹೊಸ ತೂತು ಹಾಕಿಸಿಕೊಂಡರು.

ಒಂದು ವಿಷಯ ಮಾತ್ರ ಬಗೆಹರಿಯಲಿಲ್ಲ. ಉಸುಕಿನ ಚೀಲದ ದಿನ ಎಲ್ಲ ಸರಿ, ಮಂದಿಯ ದಿನ ಎಲ್ಲ ತಪ್ಪು. ತೂಕ ಅಷ್ಟೇ, ನೀರು ಅದೇ, ಸಂಗಪ್ಪ ಅವನೇ. ತಪಾಸಣೆಯ ದಿನ ಬರುವ ಹೊತ್ತಿಗೆ ಹಿಂಗೋಡೆಯ ಮೇಲೆ ಒಂಬತ್ತು ಪಟ್ಟಿ ಏರಿದ್ದವು. ಇಂಜಿನ್ನು ಅಟ್ಟ ಹತ್ತಿ ಕೂತವರ ಹಾಗೆ ಕಾಣುತ್ತಿತ್ತು. ಸಂಗಪ್ಪ ಹೇಳಿದ: "ಲೇ, ಇನ್ನ ನಾಕ ಪಟ್ಟಿ ಹಾಕಿದ್ರ ಇಂಜಿನ್ ಮನಿಗೆ ಹೊಂಟ ಹೊಕ್ಕೈತಿ. ಸಾಕ್ ಮಾಡು." ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಭಯವಾಗಿತ್ತು. ದೋಣಿ ಹೋದರೆ ನನಗೆ ಇನ್ನೊಂದು ಶೆಡ್ಡು ಸಿಗುತ್ತಿತ್ತು, ನೀಲವ್ವನಿಗೆ ಇನ್ನೊಂದು ದೋಣಿ ಸಿಗುತ್ತಿರಲಿಲ್ಲ.

ತಪಾಸಣೆಗೆ ಬಂದ ಮೇಲಿನ ಸಾಹೇಬರು ಹುನಗುಂದದ ಕಡೆಯವರು, ಮಾತು ಕಡಿಮೆ, ಮೀಸೆ ಜಾಸ್ತಿ. ಬೆಳಗಿನ ಮೊದಲ ದೋಣಿಯನ್ನೇ ನೋಡುತ್ತೇನೆ ಎಂದು ಹಿಂದಿನ ದಿನವೇ ಬಂದು ಆಚೆ ದಂಡೆಯಲ್ಲಿ ಉಳಿದಿದ್ದರು, ಅವರ ಜೊತೆ ನಾವೂ. ಮುಂದಿನ ಹಲಗೆಯ ಮೇಲೆ ಸಂಗಪ್ಪ ತನ್ನ ಮನೆಯ ಗಾದಿ ಹಾಸಿದ್ದ. ಅದರ ಮೇಲೆ ಅವರು, ಪಕ್ಕದಲ್ಲಿ ಶ್ರೀನಿವಾಸಯ್ಯನವರು ಕೂತರು.

ಈ ದೋಣಿಯಲ್ಲಿ ದಿನವೂ ಯಾರು ಎಲ್ಲಿ ಕೂರುತ್ತಿದ್ದರು ಎಂದು ಹೇಳಿಬಿಡುತ್ತೇನೆ. ಯಾರೂ ಮಾಡದ ಕಾಯಿದೆ ಅದು, ಆದರೆ ಯಾರೂ ಮುರಿದದ್ದಿಲ್ಲ. ಮುಂದಿನ ಹಲಗೆಯ ಮೇಲೆ ಗಂಡಸರು: ಸಾಲಿ ಮಾಸ್ತರರು, ಊರ ಲೆಕ್ಕ ಬರೆಯುವ ತಲಾಠಿ, ಊರಿನ ಒಂದಿಬ್ಬರು ಹಿರಿಯರು. ಹಿಂದೆ, ಇಂಜಿನ್ನಿಗೆ ಅಂಟಿಕೊಂಡು, ಹೆಣ್ಣುಮಕ್ಕಳು ಮತ್ತು ಬುಟ್ಟಿಗಳು. ಹಿರಿಯರ ಬೆನ್ನಿಗೆ ಮೊಣಕಾಲು ತಾಗಿಸಿ ಹೆಣ್ಣುಮಕ್ಕಳು ಕೂರುವುದು ಚೆಂದವಲ್ಲವೆಂದು ನಡುವಿನ ದೊಡ್ಡ ಹಲಗೆ ಖಾಲಿ. ನಾನು ಇದನ್ನು ದಿನವೂ ನೋಡುತ್ತಿದ್ದೆ. ಗೋಡೆಯ ಮೇಲಿನ ಗಡಿಯಾರವನ್ನು ನೋಡಿದ ಹಾಗೆ ನೋಡುತ್ತಿದ್ದೆ, ಅಷ್ಟೇ. ಉಸುಕಿನ ಚೀಲಗಳನ್ನು ಮಾತ್ರ ಎತ್ತಿಡಲು ಸಲೀಸು ಎಂದು ಪ್ರತಿ ಸಲವೂ ಆ ನಡುವಿನ ಹಲಗೆಯ ಮೇಲೆ, ಅದರ ಸುತ್ತಮುತ್ತ ಇಡುತ್ತಿದ್ದೆ. ಚೀಲಕ್ಕೆ ಯಾವ ಮರ್ಯಾದೆ?

ಆ ದಿನ ಮಾಸ್ತರರೂ ತಲಾಠಿಯೂ ಹಿರಿಯರೂ ಸಾಹೇಬರ ಸಮ ಕೂರಲು ಸಂಕೋಚಪಟ್ಟರು. ನಡುವಿನ ಹಲಗೆಯ ಮೇಲೆ ಕೂರಲೂ ಸಂಕೋಚ. ಎಲ್ಲರೂ ಹಿಂದೆ ಬಂದರು. ಹೆಣ್ಣುಮಕ್ಕಳು ಇನ್ನೂ ಹಿಂದೆ ಸರಿದರು. ಮುಂದೆ ಇಬ್ಬರು, ಹಿಂದೆ ಹದಿಮೂರು ಮಂದಿ, ಐದು ಬುಟ್ಟಿ, ಸಂಗಪ್ಪ ಮತ್ತು ನಾನು. ದೋಣಿ ಹೊರಟಿತು. ಮೂಗು ಆಕಾಶಕ್ಕೆ ಎದ್ದಿತು. ಮೇಲಿನ ಸಾಹೇಬರಿಗೆ ಎದುರಿನ ದಂಡೆ ಕಾಣುತ್ತಿರಲಿಲ್ಲ, ಮೋಡ ಕಾಣುತ್ತಿದ್ದವು. ಅವರು ಮೋಡವನ್ನೇ ತಪಾಸಣೆ ಮಾಡುತ್ತ ಎರಡೂ ಕೈಯಿಂದ ಗಾದಿ ಹಿಡಿದುಕೊಂಡಿದ್ದರು.

ಗೌಡರ ಮಾಳಿಗೆ ಬಂತು. ನೀರು ತುಂಬಿತ್ತು, ನೇರ ಹೋಗಬಹುದಾಗಿತ್ತು. ಸಂಗಪ್ಪ ಮರ್ಯಾದೆಯಿಂದ ಬಲಕ್ಕೆ ತಿರುಗಿಸಿದ. ದೋಣಿ ವಾಲಿತು, ಒಂಬತ್ತು ಪಟ್ಟಿ ಏರಿ ಕೂತಿದ್ದ ಇಂಜಿನ್ನಿನ ಪಂಖಾ ಗಾಳಿ ನುಂಗಿ ಕಿರ್ರೆಂದು ಚೀರಿತು. ವೇಗ ಒಮ್ಮೆಗೇ ನಿಂತಿತು. ನಮ್ಮ ಹಿಂದೆ ನಾವೇ ಎಬ್ಬಿಸಿದ್ದ ತೆರೆ ನಮ್ಮನ್ನು ಹಿಡಿದು ಹಿಂಗೋಡೆ ಹತ್ತಿ ಒಳಗಿಳಿಯಿತು. ಎಲ್ಲರ ಕಾಲು ಹರಡಿನವರೆಗೆ ನೀರು. ಐದೂ ಬುಟ್ಟಿಗಳು ಒಂದೇ ಕ್ಷಣಕ್ಕೆ ಐದು ತಲೆಗಳ ಮೇಲೇರಿದವು.

"ತಿರಗಸ್ರಿ" ಎಂದರು ಮೇಲಿನ ಸಾಹೇಬರು. ಅದು ಆ ದಿನ ಅವರಾಡಿದ ಮೊದಲ ಮಾತು. "ಮುಗೀತಿದು. ಈ ದೋಣಿ ಸಾಕು."

ಹತ್ತನೆಯ ಪಟ್ಟಿ ಹಾಕಬೇಕೋ ಒಂಬತ್ತನೆಯದನ್ನು ತೆಗೆಯಬೇಕೋ ಎಂಬುದೇ ನನ್ನ ತಲೆಯಲ್ಲಿ ತಿರುಗುತ್ತಿತ್ತು. ಶ್ರೀನಿವಾಸಯ್ಯನವರು ಪುಸ್ತಕ ನೆನೆಯಬಾರದೆಂದು ಅಂಗಿಯೊಳಗೆ ತುರುಕಿಕೊಳ್ಳುತ್ತಿದ್ದರು.

ಆಗ ನೀಲವ್ವ ಎದ್ದಳು. ತಲೆಯ ಮೇಲೆ ಬುಟ್ಟಿ, ಕೈಯಲ್ಲಿ ಸೆರಗು, ಓಲಾಡುವ ದೋಣಿಯಲ್ಲಿ ಗಂಡಸರ ಕಾಲು ದಾಟಿಕೊಂಡು ಮುಂದೆ ಬಂದು, ಆ ನಡುವಿನ ಖಾಲಿ ಹಲಗೆಯ ಮೇಲೆ ಧಪ್ಪನೆ ಕೂತಳು. ಮೊಣಕಾಲು ಮೇಲಿನ ಸಾಹೇಬರ ಬೆನ್ನಿಗೆ ತಾಗಿತು.

"ಬರ್ರಿ ಬೇ" ಎಂದು ತನ್ನವರನ್ನು ಕರೆದಳು. "ಇಲ್ಲಿ ಇಷ್ಟ ಜಾಗಾ ಐತಿ. ಮಾಸ್ತರ, ನೀವೂ ಬರ್ರಿ. ತಲಾಠ್ಯಾರ, ನೀವೂ. ನೀರ ಕಾಲಿಗೆ ಬಂದ ಮ್ಯಾಲ ಯಾರ ಮರ್ಯಾದಿ ಕಾಯಾಕತ್ತೀರಿ?"

ಒಬ್ಬೊಬ್ಬರಾಗಿ ಬಂದರು. ಒಬ್ಬೊಬ್ಬರು ಮುಂದೆ ಬಂದ ಹಾಗೆ ದೋಣಿಯ ಮೂಗು ಕೆಳಗಿಳಿಯಿತು, ಎದುರಿನ ದಂಡೆ ಮೇಲೆ ಬಂತು. ನಾನು ತಂಬಿಗೆಯಿಂದ ನೀರು ಹೊರಗೆ ಚೆಲ್ಲಿದೆ. ಸಂಗಪ್ಪ ಮೆಲ್ಲಗೆ ರೇಸ್ ಕೊಟ್ಟ, ಆಮೇಲೆ ಪೂರ್ತಿ ಕೊಟ್ಟ. ನನ್ನ ಹೆಸರೂ ನನ್ನ ಹೆಂಡತಿಯ ಹೆಸರೂ ನೀರೊಳಗೆ ಗಿರಗಿರ ತಿರುಗಿದವು, ದೋಣಿ ಸಮವಾಗಿ ಕೂತು ನೇರ ಓಡಿತು. ಹಿಂದೆ ತಿರುಗಿಸುವ ಮಾತು ಅಲ್ಲೇ ಬಿಟ್ಟು ಈಚೆ ದಂಡೆಯನ್ನೇ ಮುಟ್ಟಿದೆವು.

ಇಳಿಯುವ ಮೊದಲು ಮೇಲಿನ ಸಾಹೇಬರು ಹಿಂದೆ ತಿರುಗಿ ಕೇಳಿದರು: "ಈ ನಡುವಿನ ಹಲಿಗಿ ಯಾಕ ಖಾಲಿ ಇತ್ತು?"

ಮಾಸ್ತರರು ತಲಾಠಿಯನ್ನು ನೋಡಿದರು, ತಲಾಠಿ ಸಂಗಪ್ಪನನ್ನು ನೋಡಿದ, ಸಂಗಪ್ಪ ನನ್ನನ್ನು ನೋಡಿದ. ನಾನು ಇಂಜಿನ್ನನ್ನು ನೋಡಿದೆ. ಅದೊಂದೇ ಅಲ್ಲಿ ನಿರಪರಾಧಿಯಾಗಿತ್ತು.

ಅವರು ದಂಡೆಯ ಕಲ್ಲಿನ ಮೇಲೆ ಕೂತೇ ವರದಿ ಬರೆದರು. ಇಂಜಿನ್ನಿನಲ್ಲಿ ದೋಷವಿಲ್ಲ, ಎತ್ತರವನ್ನು ಮೊದಲಿನಂತೆ ಮಾಡತಕ್ಕದ್ದು, ದೋಣಿ ಮುಂದುವರಿಯಬಹುದು, ನಡುವಿನ ಹಲಗೆಯನ್ನು ಖಾಲಿ ಬಿಡತಕ್ಕದ್ದಲ್ಲ. ಇಷ್ಟು ಬರೆದು ಎದ್ದು ಹೋದರು. ಅವರ ಬೆನ್ನ ಮೇಲೆ ನೀಲವ್ವನ ಮೊಣಕಾಲಿನ ಹಸಿ ಗುರುತು ಹಾಗೆಯೇ ಇತ್ತು, ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಆ ಮಧ್ಯಾಹ್ನ ನಾನು ದೋಣಿಯಲ್ಲಿ ಕೂತು ಒಂಬತ್ತೂ ಪಟ್ಟಿ ಬಿಚ್ಚಿದೆ. ಇಂಜಿನ್ನು ಮೊದಲ ದಿನ ದಾರ ಹಿಡಿದು ಅಳೆದಿದ್ದೆವಲ್ಲ, ಸರಿಯಾಗಿ ಅಲ್ಲಿಗೇ ಬಂದು ಕೂತಿತು. ದಿನವೂ ನೀರು ಸಿಡಿದದ್ದು ಮಂದಿಯ ಭಾರವೆಲ್ಲ ಹಿಂದೆ ಬಿದ್ದು ದೋಣಿಯ ಹಿಂಭಾಗ ಮುಳುಗಿದ್ದಕ್ಕೆ. ಅಂದರೆ ಅರ್ಧ ಓದಿದ ಸಾಹೇಬರೇ ಸರಿ, ಪೂರ್ತಿ ಬಲ್ಲ ಮಿಸ್ತ್ರಿಯೇ ತಪ್ಪು. ಈ ಸಾಲನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಆದ್ದರಿಂದ ಫೋನ್ ಮಾಡಿದವರಿಗೆ ನನ್ನ ಉತ್ತರ ಇದು: ಪಂಖಾ ಆರಿಸುವ ಮೊದಲು, ಎತ್ತರ ಅಳೆಯುವ ಮೊದಲು, ಒಂದು ವಾರ ಸುಮ್ಮನೆ ಆ ದೋಣಿಯಲ್ಲಿ ಹೋಗಿ ಬನ್ನಿ. ಯಾರು ಎಲ್ಲಿ ಕೂರುತ್ತಾರೆ ನೋಡಿ. ಉಸುಕಿನ ಚೀಲ ಮಂದಿಯಲ್ಲ.

ನೀಲವ್ವ ಖಾನಾವಳಿಗಳಿಗೆ ರೊಟ್ಟಿ ಹಾಕಿ ಖಾಲಿ ಬುಟ್ಟಿ ಹಿಡಿದು ವಾಪಸ್ ದೋಣಿಗೆ ಬರುವಾಗ ಶೆಡ್ಡಿನ ಬಾಗಿಲಲ್ಲಿ ನಿಂತಳು. ನಾನು ವಹಿ ತೆರೆದು ಖುಷಿಯಿಂದ ಹೇಳಿದೆ: "ಅಕ್ಕಾ, ಇವತ್ತ ರೊಟ್ಟಿ ಟಕ್ ಅಂದಿರಬೇಕಲ್ಲ? ಬರಕೊಳ್ತೇನಿ."

"ಅಂತು" ಎಂದಳು. ಸೀರೆಯ ಕೆಳ ಅಂಚು ಇನ್ನೂ ಒದ್ದೆಯಾಗಿತ್ತು, ಮೆಟ್ಟಿಲ ಮೇಲೆ ಹನಿ ಬೀಳುತ್ತಿತ್ತು. "ಮಿಸ್ತ್ರಿ, ಒಂದ ಮಾತ ಕೇಳ್ಲಿ? ದಿನಾ ನನ್ನ ರೊಟ್ಟಿ ಮುರದ ಮುರದ ಕಿವಿಗೆ ಹಿಡದಿ. ತೋದಾವೋ ಇಲ್ಲೋ ನೋಡಿ ಬರದ ಇಟ್ಟಿ."

"ಹೌದಕ್ಕಾ."

"ರೊಟ್ಟಿ ತೋಯೋ ಜಾಗಾದಾಗ ನಾವೂ ಕುಂತಿದ್ವಿ. ನಮ್ಮನ್ನ ಒಂದಿನರ ಕೇಳಿದ್ಯಾ?"

ನಾನು ವಹಿ ಮುಚ್ಚಿದೆ. ಕೇಳಿರಲಿಲ್ಲ.